ಅಳಿಯನಿಗೆ ಊರು ತೋರಿಸಿದ್ದು

ಅಳಿಯನ ಮುಂದೆ ತಮ್ಮೂರನ್ನು ತಾವೇ ಹೊಗಳಿಕೊಂಡರೆ ಸೊಕ್ಕು ಅನಿಸಿಕೊಳ್ಳುತ್ತದಂತೆ. ಜಮಖಂಡಿಯವರ ಈ ಮರ್ಯಾದೆಗಿಷ್ಟು ಬೆಂಕಿ ಬೀಳಲಿ ಎಂದು ವೈಶಾಲಿ ಬನ್ನಿ ಹಬ್ಬದ ದಿನ ಬೆಳಗ್ಗೆಯೇ ಶಪಿಸಿದಳು.

ಸುಮ್ಮನೆ ಶಪಿಸಲಿಲ್ಲ, ಕಾರಣವಿತ್ತು. ಮದುವೆಯಾಗಿ ಹುಬ್ಬಳ್ಳಿಗೆ ಹೋದಾಗ ಬಿಟ್ಟುಕೊಟ್ಟಿದ್ದ ಪಾಠ ಹೇಳುವ ಕೆಲಸ ಈಗ ತವರೂರಿನಲ್ಲೇ ಮತ್ತೆ ಕೈಗೆ ಬಂದಿತ್ತು. ಇಲ್ಲಿನ ಒಂದು ಕಾಲೇಜಿನವರು ಇತಿಹಾಸ ಕಲಿಸಲು ಕರೆದಿದ್ದರು. ಬರುತ್ತೀರೋ ಇಲ್ಲವೋ, ಹಬ್ಬ ಮುಗಿಯುವುದರೊಳಗೆ ಫೋನು ಮಾಡಿ ಎಂದಿದ್ದರು. ಗಂಡ ಪ್ರೇಮಕುಮಾರ ಔಷಧ ಕಂಪನಿಯೊಂದರಲ್ಲಿ ಊರೂರು ತಿರುಗುವ ಮಾರಾಟದ ಕೆಲಸದಲ್ಲಿದ್ದ, ಮನಸ್ಸು ಮಾಡಿದರೆ ಈ ಕಡೆಯ ತಾಲೂಕುಗಳನ್ನೇ ಕೇಳಿ ಪಡೆಯಬಹುದಿತ್ತು. "ಮೊದಲ ಊರು ನೋಡೂಣು, ಆಮ್ಯಾಲ ಹೇಳ್ತೀನಿ" ಎಂದಿದ್ದ. ಹೆಣ್ಣು ನೋಡಲು ಬಂದಾಗ ಚಹಾ ಆರುವುದರೊಳಗೆ ಹೂಂ ಅಂದ ಗಂಡಸಿಗೆ ಊರು ನೋಡಲು ಇಷ್ಟು ಬಿಗುಮಾನ!

ಆದರೂ ಹಲ್ಲು ಕಚ್ಚಿಕೊಂಡು ಅವನನ್ನು ಹಬ್ಬಕ್ಕೇ ಕರೆತಂದಳು. ಹೊರಡಲೆಂದು ಹೊಸ್ತಿಲು ದಾಟುವುದರೊಳಗೆ ಅಮಸಿದ್ದಪ್ಪ ಕಾಕಾ ಹಣೆತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಬನ್ನಿ ಎಲೆ ಹಿಡಿದು ಬಂದ.

"ತಗೋರಿ ಅಳ್ಯಾರ, ಬಂಗಾರ ತಗೊಂಡು ಬಂಗಾರದಂಗ ಇರೂಣು. ಎತ್ತಾಗ ಹೊಂಟೀರಿ? ಊರು ನೋಡಾಕ? ಅಯ್ಯ, ನಮ್ಮೂರಾಗ ಏನೈತ್ರೀ! ಬಿಸಲು, ಧೂಳ, ಕಬ್ಬಿನ ಟ್ರ್ಯಾಕ್ಟರ್. ಹುಬ್ಬಳ್ಳ್ಯಾಗ ಇರಾವ್ರಿಗೆ ಇದೇನ ಕಂಡೀತು!"

"ಏನೂ ಇಲ್ಲದ ಊರಾಗ ನೀ ಯಾಕ ಇಷ್ಟ ವರ್ಷ ಕುಂತಿ, ಕಾಕಾ?" ವೈಶಾಲಿ ಸಿಡುಕಿದಳು. ಕಾಕಾ ಹೋ ಹೋ ಎಂದು ನಕ್ಕುಬಿಟ್ಟ. ಅಳಿಯನೂ ನಕ್ಕ.

ಮುಂದೆ ಸಿಕ್ಕವರದೆಲ್ಲ ಇದೇ ರಾಗ. ಜಂಬುಕೇಶ್ವರನ ಗುಡಿಯಲ್ಲಿ, ಊರಿಗೆ ಈ ದೇವರಿಂದಲೇ ಹೆಸರು ಬಂತೆಂದು ಅವಳು ಹೇಳಲು ಬಾಯಿ ತೆರೆದರೆ, ಬನ್ನಿ ಕೊಡಲು ಬಂದ ಬೀಗರೊಬ್ಬರು "ಸಣ್ಣ ಗುಡಿ ಬಿಡ್ರಿ" ಎಂದು ಅವನ ಕೈಕುಲುಕಿದರು. ರಾಮತೀರ್ಥದ ಗುಡ್ಡ ಹತ್ತಿ, ಸಂಸ್ಥಾನದ ಕಾಲದ ಅರಮನೆಯ ಕಥೆ ತೆಗೆದಳು. ಪ್ರೇಮಕುಮಾರ ಫೋಟೋ ತೆಗೆಯಲು ಫೋನು ಮೇಲೆತ್ತಿ, "ಸ್ವಲ್ಪ ಸರಿ, ನೀ ಅಡ್ಡ ಬರಾಕತ್ತಿ" ಎಂದ. ಕೋಣನ ಮುಂದೆ ಕಿನ್ನರಿ! ಅಲ್ಲಿನ ಉದ್ಯಾನದ ಬೇವಿನ ನೆರಳಿನಲ್ಲಿ ಕೂತಾಗಲಾದರೂ ಮಾತು ಆಡೋಣವೆಂದರೆ ಅವನಿಗೆ ಐಸ್‌ಕ್ರೀಮ್ ಗಾಡಿ ಕಂಡಿತು.

ಕೊನೆಗೆ ಅವಳು ತನ್ನ ತಂದೆ ಕಾಮಣ್ಣನನ್ನೇ ಕಾರಿಗೆ ಹತ್ತಿಸಿಕೊಂಡು ಚಿಕ್ಕಪಡಸಲಗಿಗೆ ಹೋದಳು. ಕೃಷ್ಣೆಗೆ ಅಡ್ಡಲಾಗಿ ರೈತರೇ ಕೂಡಿ ಕಟ್ಟಿಕೊಂಡ ಬ್ಯಾರೇಜು ಅದು. ಹರೆಯದಲ್ಲಿ ಕಾಮಣ್ಣನೂ ಅಲ್ಲಿ ಕಲ್ಲು ಹೊತ್ತಿದ್ದ. ಆ ಕಥೆಯನ್ನು ಅವನು ಹೇಳದ ಮನುಷ್ಯರಿಲ್ಲ, ಬಸ್ಸಿನ ಕಂಡಕ್ಟರನಿಗೂ ಹೇಳಿದ್ದಾನೆ. ಇವತ್ತು ಹೇಳಿದರೆ ಸಾಕು, ಎಂಥ ಕಲ್ಲೆದೆಯೂ ಕರಗುತ್ತದೆಂದು ಅವಳ ಲೆಕ್ಕ.

"ಹೇಳಪ್ಪಾ, ಹೆಂಗ ಕಟ್ಟಿದ್ರಿ?"

ಕಾಮಣ್ಣ ಟೊಪ್ಪಿಗೆ ಸರಿಪಡಿಸಿಕೊಂಡ. ಅಳಿಯನನ್ನು ನೋಡಿದ, ನೆಲ ನೋಡಿದ. "ಏನ್ ಮಹಾ ಕೆಲಸರೀ ಅದು. ನಾಕ ಮಂದಿ ಕೂಡಿ ಕಲ್ಲ ಹೊತ್ತಿವಿ, ಆತು."

ವೈಶಾಲಿಗೆ ಸಿಟ್ಟಿನಿಂದ ಅಳುವೇ ಬಂತು. ಜೀವಮಾನದ ಹೆಮ್ಮೆಯನ್ನೂ ಮರ್ಯಾದೆಯ ಹೆಸರಿನಲ್ಲಿ ನುಂಗಿಕೊಂಡನಲ್ಲ ಈ ಅಪ್ಪ! ಪ್ರೇಮಕುಮಾರ ನೀರಿನತ್ತ ಬಗ್ಗಿ, "ಇಲ್ಲೆ ಬೋಟಿಂಗ್ ಇಲ್ಲೇನ್ರಿ ಮಾವಾರ?" ಎಂದ.

ಸೀಮೋಲ್ಲಂಘನಕ್ಕೆ ಊರ ಗಡಿಗೆ ಹೋಗಿದ್ದ ಬೀರೇಶ್ವರನ ಪಲ್ಲಕ್ಕಿ ಸಂಜೆ ತಿರುಗಿ ಬಂತು. ಡೊಳ್ಳಿನ ಬಡಿತಕ್ಕೆ ಓಣಿಯೇ ನಡುಗಿತು. ಮಾಳಿಗೆಗಳಿಂದ ಭಂಡಾರ ಎರಚಿದರು. ಪ್ರೇಮಕುಮಾರ ತಲೆಯಿಂದ ಕಾಲಿನವರೆಗೆ ಹಳದಿಯಾದ, ಡೊಳ್ಳಿನವರ ನಡುವೆ ನುಗ್ಗಿ ಕುಣಿದೇ ಕುಣಿದ. ಅವನು ಹಾಗೆ ನಗುವುದನ್ನು ಅವಳು ಎಷ್ಟೋ ದಿನದಿಂದ ಕಂಡಿರಲಿಲ್ಲ. ಎದೆ ಹಗುರಾಯಿತು. ಗೆದ್ದೆ, ಅಂದುಕೊಂಡಳು.

ಬೆವರು ಒರೆಸಿಕೊಳ್ಳುತ್ತ ಅವನು ಕಟ್ಟೆಗೆ ಬಂದು ಕೂತ. ವೈಶಾಲಿಯ ತಾಯಿ ಸಾತವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಕಾಮಣ್ಣ ಪಕ್ಕದಲ್ಲಿ ವೀಳ್ಯದೆಲೆ ಮಡಚುತ್ತಿದ್ದ.

"ಖರೆ ಹೇಳ್ತೀನಿ ವೈಶಾಲಿ, ಭಾಳ ಮಜಾ ಬಂತು. ನಿಮ್ಮೂರು ನೋಡಾಕ ಭಾಳ ಛಲೋ ಐತಿ."

"ಹಂಗಾರ ಕಾಲೇಜಿನವ್ರಿಗೆ ಏನ ಹೇಳ್ಲಿ?"

"ಅದಕ್ಕೇನು, ಆಗಂಗಿಲ್ಲ ಅಂತ ಹೇಳು. ವರ್ಷಾ ಹಬ್ಬಕ್ಕ ತಪ್ಪದಂಗ ಬರೂಣು. ಆದ್ರ ಇರಾಕಂದ್ರ ಇಲ್ಲೆ ಏನೈತಿ? ನಾ ಅನ್ನಾಕತ್ತಿಲ್ಲ ಮತ್ತ. ಮುಂಜಾನಿಂದ ನಿಮ್ಮ ಮಂದೀನ ಹೇಳಾಕತ್ತಾರ. ಹೌದಲ್ರೀ ಮಾವಾರ?"

ಎಲೆ ಮಡಚುತ್ತಿದ್ದ ಕಾಮಣ್ಣನ ಕೈ ಅಲ್ಲೇ ನಿಂತಿತು. ಮಗಳ ಕಾಲಿಗೆ ಕೊಡಲಿ ಬಿದ್ದದ್ದು ತನ್ನ ಕೈಯಿಂದಲೇ ಎಂದು ಅವನಿಗೆ ಈಗ ಹೊಳೆದಿತ್ತು.

ವೈಶಾಲಿಗೆ ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ತಣ್ಣಗಾಯಿತು. ಇಡೀ ದಿನ ಇವನಿಗೆ ಊರು ಒಪ್ಪಿಸಲು ತಾನೇಕೆ ಇಷ್ಟು ಬಡಿದಾಡಿದೆ ಎಂದು ತನ್ನ ಮೇಲೇ ನಾಚಿಕೆಯಾಯಿತು. ಅಲ್ಲೇ ನಿಂತು ಪ್ರಾಚಾರ್ಯರಿಗೆ ಫೋನು ಮಾಡಿದಳು.

"ಸರ್, ನಮಸ್ಕಾರ್ರೀ. ವೈಶಾಲಿ ಮಾತಾಡಾಕತ್ತೀನಿ. ನಾ ಕೆಲಸಕ್ಕ ಬರ್ತೀನ್ರೀ."

ಪ್ರೇಮಕುಮಾರನ ಕೈಯಲ್ಲಿದ್ದ ತಂಬಿಗೆ ತುಟಿಯ ಹತ್ತಿರವೇ ಉಳಿಯಿತು. "ಅಂದ್ರ?"

"ಅಂದ್ರ ವರ್ಷಾ ಹಬ್ಬಕ್ಕ ತಪ್ಪದಂಗ ಬರ್ರಿ," ಎಂದಳು ವೈಶಾಲಿ. "ನಾ ಇಲ್ಲೇ ಇರ್ತೀನಿ."