ಳಕಾರದ ಬರಗಾಲ

ದುರ್ಗಪ್ಪ ಮಾಸ್ತರರು ಅಂಕೋಲೆಯ ಸಮುದ್ರದಂಚಿನ ಶಾಲೆಯಲ್ಲಿದ್ದಾಗ, ಮೀನುಗಾರ ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡು ಒಂದು ಪುಸ್ತಕ ಮಾಡಿದ್ದರು. ಅದು ಅಚ್ಚಾದದ್ದು ಕಾರವಾರದ ಒಂದು ಬಡ ಪ್ರೆಸ್ಸಿನಲ್ಲಿ. ಬಡತನ ಎಂಥದ್ದೆಂದರೆ, ಅಲ್ಲಿ ‘ಳ’ ಅಕ್ಷರದ ಅಚ್ಚುಮೊಳೆಗಳೇ ಸಾಲುತ್ತಿರಲಿಲ್ಲ. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಳಕಾರ ಮುಗಿದು, ಮೊಳೆ ಜೋಡಿಸುವವನು ನಿಶ್ಚಿಂತೆಯಿಂದ ‘ಲ’ ಕೂರಿಸಿ ಮುಂದೆ ಹೋಗುತ್ತಿದ್ದ. ಹೀಗಾಗಿ ಪುಸ್ತಕದ ತುಂಬ ಮಲೆ ಸುರಿಯಿತು, ಕೋಲಿ ಕೂಗಿತು. ಮಾಸ್ತರರು ಬದುಕಿರುವ ತನಕ ಆ ಪ್ರೆಸ್ಸಿನ ಮಾತೆತ್ತಿದರೆ ಉರಿದು ಬೀಳುತ್ತಿದ್ದರು.

ಉಳಿದ ಒಂದೇ ಪ್ರತಿ ಮಗಳು ದಮಯಂತಿಯ ಬಳಿಯಿತ್ತು. ಹಣಕೋಣದಿಂದ ದಿನಾ ಬಸ್ಸು ಹಿಡಿದು ಕಾರವಾರದ ಕಚೇರಿಗೆ ಹೋಗಿಬರುವವಳು ಅವಳು. ಗೆದ್ದಲು ಪುಸ್ತಕದ ಅಂಚಿನ ರುಚಿ ನೋಡಿದ್ದು ಕಣ್ಣಿಗೆ ಬಿದ್ದ ದಿನವೇ, ಇದನ್ನು ಜಾಲತಾಣಕ್ಕೆ ಏರಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟಳು. ಪುಟಗಳ ಫೋಟೋ ಹಿಡಿದು, ಚಿತ್ರದಲ್ಲಿನ ಅಕ್ಷರಗಳನ್ನು ಓದಿ ತೆಗೆಯುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕೊಟ್ಟಳು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಅದು. ಮಾಸಿದ ಕಾಗದದ ಸಾಲುಗಳು ಪರದೆಯ ಮೇಲೆ ಒಂದೊಂದಾಗಿ ಮೂಡಿದಾಗ ಅವಳ ಕಣ್ಣು ತುಂಬಿ ಬಂತು. ಎಲ್ಲೋ ಕೂತ, ಹೆಸರೂ ಗೊತ್ತಿಲ್ಲದ ಯಾರು ಯಾರೋ ಸೇರಿ ಒಂದು ಯಂತ್ರಕ್ಕೆ ಕನ್ನಡದ ಕೊಂಬು, ದೀರ್ಘ, ಒತ್ತು ಕಲಿಸಿಟ್ಟಿದ್ದರಲ್ಲ, ಅವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದಳು.

ತೊಡಕಾದದ್ದು ಆಮೇಲೆ. ತಂತ್ರಾಂಶ ಇದ್ದದ್ದನ್ನು ಇದ್ದ ಹಾಗೇ ಓದಿತ್ತು. ಒಂದು ಹಾಡಿನಲ್ಲಿ ‘ಹಾಲುಬಿದ್ದ ದೋಣಿ’ ಎಂದಿದ್ದುದನ್ನು ಕಂಡು ದಮಯಂತಿಗೆ ನಗು ಬಂತು. ಪುಸ್ತಕದಲ್ಲಿ ಎಲ್ಲೆಲ್ಲಿ ‘ಹಾಲ’ ಇದೆಯೋ ಅಲ್ಲೆಲ್ಲ ‘ಹಾಳ’ ಮಾಡು ಎಂದು ಬರಹ ತಿದ್ದುವ ಲಿಬ್ರೆ ಆಫೀಸ್ ತಂತ್ರಾಂಶಕ್ಕೆ ಒಂದೇ ಒತ್ತಿಗೆ ಅಪ್ಪಣೆ ಕೊಟ್ಟಳು. ಇನ್ನೂ ಕೆಲವು ಶಬ್ದ ಕೈಯಿಂದಲೇ ತಿದ್ದಿ, ಜಾಲಪುಟ ಮಾಡಿ, ಅದರ ಕೊಂಡಿಯನ್ನು ಅಂಕೋಲೆಯ ಲತಾಳಿಗೆ ಕಳಿಸಿದಳು. ಲತಾ ಮೀನು ಮಾರುವವಳು. ಪುಸ್ತಕದ ಹೆಚ್ಚಿನ ಹಾಡು ಹಾಡಿದ್ದು ಅವಳ ತಾಯಿ ಕಾಮಿ. ಲತಾಳ ಮಗಳು ರಕ್ಷಿತಾಳ ಮದುವೆ ಹತ್ತಿರವಿತ್ತು. ಕಾಮಿಗೆ ಉಬ್ಬಸ, ಹಾಡಲು ದಮ್ಮಿಲ್ಲ. ಈ ಸಲ ಹೆಂಗಸರೆಲ್ಲ ಮೊಬೈಲು ನೋಡಿಯೇ ಹಾಡಬೇಕು.

ಮರುದಿನವೇ ಲತಾಳ ಫೋನು ಬಂತು.

“ಅಕ್ಕಾ, ‘ಹೊಕ್ಕ ಮನೆ ಹಾಳಾಗಲಿ’ ಅಂತ ಬರ್ದದೆ. ಇದ್ನ ಹಾಡಿದ್ರೆ ಗಂಡಿನ ಕಡೇರು ಚಪ್ಲಿ ತಕಂಡೇ ಬರೂದು.”

ದಮಯಂತಿ ಕೊಟ್ಟ ಅಪ್ಪಣೆ ‘ಹಾಲಾಗಲಿ’ಯನ್ನೂ ಬಿಟ್ಟಿರಲಿಲ್ಲ. ಅಪ್ಪ ಜೋಪಾನ ಮಾಡಿದ ಹರಕೆಯನ್ನು ಮಗಳು ಶಾಪ ಮಾಡಿಟ್ಟಿದ್ದಳು. ಕೂಡಲೇ ಪುಟವನ್ನು ಜಾಲತಾಣದಿಂದ ತೆಗೆದು, ರಜೆ ಹಾಕಿ, ಲ್ಯಾಪ್‌ಟಾಪು ಹೊತ್ತು ಅಂಕೋಲೆಯ ಬಸ್ಸು ಹತ್ತಿದಳು. ಕಾಮಿಯ ಬಾಯಿಂದಲೇ ಕೇಳಿ ತಿದ್ದದ ಹೊರತು ಇನ್ನು ಏರಿಸುವ ಮಾತಿಲ್ಲ.

ಕಾಮಿ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ಉಸಿರು ತೆಗೆದುಕೊಂಡು ತೆಗೆದುಕೊಂಡು ಒಂದೊಂದೇ ಸಾಲು ಹೇಳಿದಳು. ಆ ಉಬ್ಬಸದಲ್ಲೂ ಲಕಾರ ಬೇರೆ, ಳಕಾರ ಬೇರೆ. ಕೇಳುತ್ತ ಕೇಳುತ್ತ ದಮಯಂತಿಗೆ ಈ ಮುದುಕಿಯ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು.

“ಹೊಕ್ಕ ಮನೆ ಹಾಲಾಗಲಿ, ಕೈ ತುಂಬ ಬಲೆಯಿರಲಿ.”

ದಮಯಂತಿಯ ಬೆರಳು ನಿಂತಿತು. “ಬಳೆ ಅಲ್ದಾ ಆಯೀ? ಮದುವೆ ಹಾಡಲ್ವಾ. ನಾ ತಿದ್ದಿ ಬಳೆ ಮಾಡಿದ್ದೆ.”

“ಬಲೆ,” ಎಂದಳು ಕಾಮಿ. “ನಮ್ಮವ್ವಿ ಬಳೆ ಅಂತ್ಲೇ ಹಾಡ್ತಿತ್ತು. ನಾನೇ ಬದ್ಲು ಮಾಡ್ದೆ.”

“ಯಾಕೆ?”

“ಸಮುದ್ರಕ್ಕೆ ಹೋದ ಗಂಡ ತಿರುಗಿ ಬರ್ಲಿಲ್ಲ. ಬಳೆ ಒಡ್ದು ಹಾಕಿದ್ರು. ಕೈಯಲ್ಲಿ ಉಳ್ದದ್ದು ಬಲೆ. ಅದ್ನೇ ಹೆಣ್ದು ಈ ಲತಾನ ದೊಡ್ಡ ಮಾಡ್ದೆ. ಹೆಣ್ಣುಮಕ್ಳಿಗೆ ಹರಸೂದಾದ್ರೆ ಒಡೀದೇ ಇರೂದನ್ನ ಹರಸ್ಬೇಕು ತಂಗಿ.” ಕಾಮಿ ಸ್ವಲ್ಪ ಹೊತ್ತು ದಮ್ಮು ತೆಗೆದುಕೊಂಡಳು. “ಮಾಸ್ತರೂ ಆವಾಗ ನಿನ್ನ ಹಂಗೇ ಕೇಳಿದ್ರು. ಕೇಳಿ, ಸುಮ್ನೆ ಬಲೆ ಅಂತ್ಲೇ ಬರ್ಕಂಡ್ರು.”

ತಪ್ಪು ಲಕಾರಗಳ ಆ ರಾಶಿಯಲ್ಲಿ ಇದೊಂದನ್ನು ಮಾತ್ರ ಅಪ್ಪ ಬೇಕೆಂದೇ ಬರೆದಿದ್ದರು. ದಮಯಂತಿ ‘ಳ’ ಅಳಿಸಿ ‘ಲ’ ಒತ್ತಿದಳು. ಪಕ್ಕದಲ್ಲೇ ಓದುವವರಿಗೆ ಗೊತ್ತಾಗುವ ಹಾಗೆ, ಇದು ಅಚ್ಚಿನ ತಪ್ಪಲ್ಲ, ಹಾಡಿದವಳ ಮಾತು ಎಂದು ಸೇರಿಸಿದಳು. ಹಾಡುಗಳೆಲ್ಲ ಮುಗಿದ ಮೇಲೆ ಪುಟವನ್ನು ಮತ್ತೆ ಜಾಲತಾಣಕ್ಕೆ ಏರಿಸಿದಳು.

ಮದುವೆಯ ದಿನ ಹೆಂಗಸರು ಮೊಬೈಲು ಹಿಡಿದು ಹಾಡಿದರು. ಆ ಸಾಲು ಬಂದಾಗ ಗಂಡಿನ ಕಡೆಯ ಹಿರಿಯಳೊಬ್ಬಳು, “ಅದು ಬಳೆ, ಸಮಾ ಓದಿ,” ಎಂದು ತಡೆದಳು. ಹಾಡು ನಿಂತಿತು. ಮದುಮಗಳು ರಕ್ಷಿತಾ ತಲೆಯೆತ್ತಿ, ಹಿಂದೆ ಗೋಡೆಗೊರಗಿ ಕೂತ ಅಜ್ಜಿಯ ಬರಿಗೈ ನೋಡಿದಳು.

“ಬಲೆನೇ,” ಎಂದಳು. “ನೀವು ಹಾಡಿ.”