ಒಳಗೆ ಯಾರು, ಹೊರಗೆ ಯಾರು

ತೂಕದ ವಿಷಯದಲ್ಲಿ ಗಂಡನ ಜಿಪುಣತನಕ್ಕೆ ಮಿತಿಯೇ ಇರಲಿಲ್ಲ. ಬೆಟ್ಟ ಹತ್ತುವ ಮುನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸುವ ಮಹಾರಾಯ. ಇಷ್ಟು ದಿನ ಹೆಂಡತಿ ನಕ್ಕು ಸುಮ್ಮನಾಗುತ್ತಿದ್ದಳು. ನಾಳೆ ಅವನ ಜೊತೆ ಮಗಳೂ ಹೊರಟಿದ್ದಾಳೆ, ನಗು ಬರುತ್ತಿಲ್ಲ. ಚಳಿಗೆ ಸಿಕ್ಕಿಬಿದ್ದರೆ ಒಳಗೆ ನುಸುಳಿ ಜೀವ ಉಳಿಸಿಕೊಳ್ಳುವ ಚೀಲವೊಂದಿಲ್ಲದೆ ಮಗಳನ್ನು ಹೊಸ್ತಿಲು ದಾಟಲು ಬಿಡೆನೆಂದು ಹಟ ಹಿಡಿದು, ಇಬ್ಬರನ್ನೂ ಚಾರಣದ ಸಾಮಾನಿನ ಅಂಗಡಿಗೆ ಎಳೆದು ತಂದಿದ್ದಳು.

ಅಂಗಡಿಯವನು ಎರಡು ಪೊಟ್ಟಣ ಮುಂದಿಟ್ಟ. ಒಂದು ಬೆಳ್ಳಿ ಬಣ್ಣದ ತೆಳು ಹಾಳೆಯದು, ಮುಷ್ಟಿಯಲ್ಲಿ ಅಡಗುವಂಥದ್ದು, ಒಬ್ಬರಿಗೆ ಮಾತ್ರ. ಅಂಗಡಿಯಲ್ಲಿ ಉಳಿದಿದ್ದೂ ಅದೊಂದೇ. ಇನ್ನೊಂದು ಕಿತ್ತಳೆ ಬಣ್ಣದ್ದು, ಇಬ್ಬರಿಗೆ ಸಾಲುವಂಥದ್ದು, ತೂಕ ಮೂರು ಪಟ್ಟು. ಗಂಡನ ಕೈ ತಾನಾಗಿ ಬೆಳ್ಳಿಯ ಕಡೆ ಹೋಯಿತು. ದಾರಿ ಗೊತ್ತಿರುವುದೇ, ಆಕಾಶ ತಿಳಿಯಾಗಿದೆ, ಬಿಚ್ಚುವ ಪ್ರಸಂಗವೇ ಬರದ ಚೀಲಕ್ಕೆ ಬೆನ್ನು ಯಾಕೆ ಬಗ್ಗಿಸಬೇಕು ಎಂದು ಅವನ ವಾದ. ಹೋದ ವರ್ಷವೂ ಆಕಾಶ ತಿಳಿಯಾಗಿಯೇ ಇತ್ತು. ನಡುದಾರಿಯಲ್ಲಿ ಮಂಜು ಕವಿದು, ಮರುದಿನ ನೀಲಿಗಟ್ಟಿದ ತುಟಿಯಲ್ಲಿ ಮನೆಗೆ ಬಂದವನು ಅದನ್ನೂ ತಮಾಷೆಯಾಗಿ ಹೇಳಿಕೊಂಡು ತಿರುಗಿದ್ದ. ಆ ತುಟಿಗಳನ್ನು ಅವಳು ಮರೆತಿಲ್ಲ.

"ಪ್ರಸಂಗ ಬಂತು ಅಂತಿಟ್ಕೊಳ್ಳಿ," ಎಂದಳು. "ಇರೋದು ಒಂದೇ ಚೀಲ. ಒಳಗೆ ಯಾರು?"

"ಅವಳು. ಅದರಲ್ಲಿ ಕೇಳೋದೇನಿದೆ?"

"ನೀವು?"

"ನಾನು ಹೊರಗಿರ್ತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಷ್ಟು ಸಲೀಸಾಗಿ ಹೇಳಿದ. ಬರೀ ಬಾಯಿಮಾತಾಗಿದ್ದರೆ ಅವಳು ಬೈದು ಹಗುರಾಗಬಹುದಿತ್ತು. ಈ ಮನುಷ್ಯ ನಿಜಕ್ಕೂ ಹಾಗೆ ಮಾಡುವವನೇ.

ಅಷ್ಟು ಹೊತ್ತೂ ಬೂಟುಗಳ ಮುಂದೆ ನಿಂತಿದ್ದ ಮಗಳು ಹತ್ತಿರ ಬಂದಳು.

"ಅಪ್ಪ, ನೀನು ಹೊರಗೆ ನಡುಗ್ತಾ ಕೂತಿರ್ತೀಯ, ನಾನು ಒಳಗೆ ಮಲಗಿ ಅದನ್ನ ನೋಡ್ತಾ ಇರ್ಬೇಕಾ?"

ಅವನು ಬೆಳ್ಳಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕಿತ್ತಳೆಯದನ್ನು ಬಿಚ್ಚಿ ನೆಲಕ್ಕೆ ಹಾಸಿದ. ಬಿಚ್ಚಿದ್ದು ವಾಪಸಾಗುವುದಿಲ್ಲ ಎಂದು ಅಂಗಡಿಯವನು ಗೊಣಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಪ್ಪ ಮಗಳು ಒಳಗೆ ತೂರಿದರು. ಭುಜಕ್ಕೆ ಭುಜ ಒತ್ತಿ ಉಸಿರಾಡುವುದೂ ಕಷ್ಟ, ಆದರೂ ಇಬ್ಬರಿಗೂ ಜಾಗವಾಯಿತು. ಗಿರಾಕಿಗಳೆಲ್ಲ ಬಗ್ಗಿ ನೋಡುತ್ತಿದ್ದರು. ಗಂಡ ಎದ್ದು ಕಿತ್ತಳೆ ಚೀಲಕ್ಕೆ ದುಡ್ಡು ಎಣಿಸಿಕೊಟ್ಟ.

ಅದನ್ನು ಮಡಚಿ, ತಾನು ತಂದಿದ್ದ ಬೆನ್ನುಚೀಲದ ತಳಕ್ಕೆ ತುರುಕಹೊರಟ ಅವನ ಕೈಯನ್ನು ಅವಳು ಹಿಡಿದಳು.

"ತಳಕ್ಕಲ್ಲ," ಎಂದಳು. "ಮೇಲಿಡಿ. ಮರಗಟ್ಟಿದ ಕೈಗೂ ಸಿಗೋ ಹಾಗೆ."