ಆಟೀನ್ ಏಳು

ಉಷಾಳ ಹೆಬ್ಬೆರಳಿನ ಉಗುರಿಗೆ ಅರಿಶಿನ ಅಂಟಿದೆ, ಆ ಬೆರಳೇ ಇಸ್ಪೀಟಿನ ಎಲೆ ಹಂಚುತ್ತಿದೆ, ಒಂದು ಮಾವನಿಗೆ, ಒಂದು ಬಾಮೈದ ನಿತೇಶನಿಗೆ, ಒಂದು ನನಗೆ, ಮತ್ತೆ ಇನ್ನೊಂದು ಸುತ್ತು — ಎತ್ತಬೇಡ, ತಕ್ಷಣ ಎತ್ತಬೇಡ, ಆತುರ ಅಂದುಕೊಳ್ಳುತ್ತಾಳೆ. ಗಡಿಯಾರದಲ್ಲಿ ಮೂರೂ ಐವತ್ತು. ನಾಲ್ಕು ಹೊಡೆಯುವವರೆಗೆ ಆಡಬೇಕು, ಇನ್ನು ಎರಡೋ ಮೂರೋ ಆಟ, ಆಮೇಲೆ ಬಾಗಿಲ ಬಳಿಯ ನೀಲಿ ಬ್ಯಾಗಿನ ಜಿಪ್ ಎಳೆದು ಅವಳೂ ಮಗಳೂ ನನ್ನ ಜೊತೆ ಪಾಲಿಬೆಟ್ಟಕ್ಕೆ ಹೊರಡುತ್ತಾರೆ, ಅವಳು ಈ ತವರಿಗೆ ಬಂದ ಮೇಲೆ ನಾಲ್ಕು ತಿಂಗಳಿಂದ ಒಬ್ಬನೇ ಬೇಯಿಸಿಕೊಂಡು ತಿಂದ ಎಸ್ಟೇಟಿನ ರೈಟರ್ ಕ್ವಾರ್ಟರ್ಸಿಗೆ. ಆಟ ಬಿಡ್ತೀನಿ ಅಂತ ಹೇಳ್ಬೇಡಿ, ಅದನ್ನ ಹತ್ತು ಸಲ ಕೇಳಿದೀನಿ, ಎಲೆ ಬಿಡೋದು ತೋರಿಸಿ ಸಾಕು ಅಂದಳು ಬೆಳಿಗ್ಗೆ ನಾನು ಮಾದಾಪುರದಲ್ಲಿ ಬಸ್ಸಿಳಿದು ಬಂದಾಗ, ನನ್ನ ಜೇಬಿನ ಕಾಫಿ ಪಿಕ್ಕಿಂಗ್ ಚೀಟಿಯ ಹಿಂದೆ ಬರೆದೂ ಕೊಟ್ಟಳು, ಹತ್ತರಿಂದ ಮೇಲಿನ ಜೋಡಿ, ಎಕ್ಕದ ಜೊತೆ ರಾಜ ಅಥವಾ ರಾಣಿ, ಅಷ್ಟೇ, ಮಿಕ್ಕಿದ್ದೆಲ್ಲ ಎಸೆದು ಪ್ಯಾಕ್, ಒಂದು ಸಲ ತಪ್ಪಿದರೂ ನಾವು ಬರಲ್ಲ. ಪೋಕರ್ ಕಲಿಸಿದ್ದು ನಾನೇ, ಈಗ ನನಗೇ ಪಾಠ. ಪಣಕ್ಕೆ ಕಾಫಿ ಬೀಜ, ಉರುಟು ಪೀಬೆರಿ ಬೀಜ ಒಂದಕ್ಕೆ ಹತ್ತರ ಬೆಲೆ, ಮಕ್ಕಳಾಟ.

ಎತ್ತಿದೆ. ಆಟೀನ್ ಏಳು, ಆಟೀನ್ ಒಂಬತ್ತು. ಇದೇ, ಇವೇ ಎರಡು, ಹಾಳಾದವು, ಅವತ್ತು ಕ್ಲಬ್ಬಿನಲ್ಲಿ ಕೈಗೆ ಬಂದಿದ್ದೂ ಇವೇ, ಇದೊಂದು ಆಟ ಆಡಿ ಎದ್ದುಬಿಡೋಣ ಅಂತ, ಆಮೇಲೆ ಇನ್ನೊಂದು, ಮತ್ತೊಂದು, ಆ ಮಳೆಯಲ್ಲಿ ಮಗಳು ರಂಜಿತಾ ಶಾಲೆಯ ಗೇಟಿನಲ್ಲಿ ಕತ್ತಲಾಗುವವರೆಗೆ ನಿಂತಿದ್ದಳು, ಅಪ್ಪ ಬರ್ತಾರೆ ಅಂತ ಇಬ್ಬರು ಆಟೋದವರನ್ನು ವಾಪಸ್ ಕಳಿಸಿದ್ದಳಂತೆ. ಒದ್ದೆ ಸಾಕ್ಸು ಬಿಚ್ಚುವಾಗ ಉಷಾ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಆಟೀನ್ ಏಳು. ಎಷ್ಟು ಕೆಂಪಗಿದೆ. ಒಂದೇ ಬಣ್ಣ, ನಡುವೆ ಎಂಟು ಬಿದ್ದರೆ — ಇಲ್ಲ, ಚೀಟಿಯಲ್ಲಿಲ್ಲ. ಏನ್ ಭಾವ, ನಿದ್ದೆ ಬಂತಾ, ನಿತೇಶ ನಗುತ್ತಾನೆ. ಸುಮ್ನಿರೋ, ಅಳಿಯಂದ್ರು ಯೋಚ್ನೆ ಮಾಡ್ಲಿ ಅಂತಾರೆ ಮಾವ. ಪ್ಯಾಕ್ ಅಂದೆ, ಎರಡೂ ಎಲೆಯನ್ನು ಬೋರಲು ಮಾಡಿ ಎಸೆದೆ, ಕೊನೆಗೂ ಅಂದೆನಲ್ಲ. ಉಷಾಳ ಭುಜ ಸ್ವಲ್ಪ ಇಳಿಯಿತು, ನಕ್ಕಳಾ, ಹೌದು, ತುಟಿಯ ಅಂಚಿನಲ್ಲಿ, ನಾಲ್ಕು ತಿಂಗಳಲ್ಲಿ ಮೊದಲ ಸಲ, ಗೆದ್ದೆ ಕಣೆ ಅಂತ ಕೂಗಬೇಕು ಅನ್ನಿಸುತ್ತಿದೆ.

ಅವಳು ಎಲ್ಲರಿಗೂ ಸೇರಿದ ನಡುವಿನ ಮೂರು ಎಲೆ ಬಿಚ್ಚುತ್ತಾಳೆ, ಏಳು. ಇನ್ನೊಂದು ಏಳು. ಒಂಬತ್ತು. ಅಯ್ಯೋ ದೇವರೇ, ಕೈಯಲ್ಲಿದ್ದಿದ್ದರೆ ಮೂರು ಏಳು, ಎರಡು ಒಂಬತ್ತು, ಯಾರಿಂದಲೂ ಹೊಡೆಯಲು ಆಗುತ್ತಿರಲಿಲ್ಲ, ನಿತೇಶ ಪೀಬೆರಿಯನ್ನೆಲ್ಲ ಮುಂದಕ್ಕೆ ತಳ್ಳುತ್ತಿದ್ದಾನೆ, ಮಾವನೂ ತಳ್ಳುತ್ತಿದ್ದಾರೆ — ನಿಜವಾಗಿ ಏಳೇ ಇತ್ತಾ, ಆರು ಇತ್ತೇನೋ, ನಾನೇ ತಪ್ಪು ನೋಡಿದೆನೇನೋ. ಎಸ್ಟೇಟಿನಲ್ಲಿ ದಿನಾ ಸಂಜೆ ಇದೇ ಕೆಲಸ ನನ್ನದು, ಆಳುಗಳು ಟಾರ್ಪಾಲಿನ ಮೇಲೆ ಕಾಫಿ ಹಣ್ಣು ಸುರಿದು ಹಸಿರು ಕಾಯಿ ಆರಿಸಿ ಬದಿಗೆ ಗುಡ್ಡೆ ಹಾಕುತ್ತಾರೆ, ತೂಕಕ್ಕೆ ಮೊದಲು ಆ ಗುಡ್ಡೆಯನ್ನು ಬೆರಳಲ್ಲಿ ಕೆದಕುತ್ತೇನೆ, ಒಂದು ಕೆಂಪು ಹಣ್ಣಾದರೂ ಹಸಿರಿನ ಜೊತೆ ಹೋಯಿತಾ ಅಂತ, ಹನ್ನೊಂದು ವರ್ಷದಿಂದ, ಬೆರಳಿಗೆ ನನ್ನ ಅಪ್ಪಣೆಯೇ ಬೇಕಿಲ್ಲ —

ಯಾಕೆ ಯಾರೂ ಆಡುತ್ತಿಲ್ಲ. ನಿತೇಶನ ಕೈ ಬೀಜದ ಮೇಲೆ ಹಾಗೇ ನಿಂತಿದೆ. ಉಷಾ ನನ್ನ ಮುಖ ನೋಡುತ್ತಿಲ್ಲ, ಕೆಳಗೆ ನೋಡುತ್ತಿದ್ದಾಳೆ, ನಾನು ಎಸೆದ ಎಲೆಗಳನ್ನು, ಅವುಗಳನ್ನು ಕೆದಕುತ್ತಿರುವ ನನ್ನ ಕೈಯನ್ನು. ಎಸೆದಿದ್ದೆ ಕಣೆ, ನೀನೇ ನೋಡಿದೆಯಲ್ಲ, ಎಸೆದಿದ್ದೆ. ಕೈ ಮಾತ್ರ ಬಿಟ್ಟಿರಲಿಲ್ಲ ಅಲ್ವಾ ಅನ್ನುತ್ತಾಳೆ, ಕೋಪವೇ ಇಲ್ಲದೆ, ಎದ್ದು ಸೀರೆಯ ಮೇಲೆ ಬಿದ್ದ ಬೀಜ ಕೊಡವಿಕೊಳ್ಳುತ್ತಾಳೆ. ಅಪ್ಪ, ಆ ಬ್ಯಾಗ್ ಒಳಗಿಡಿ. ಇನ್ನೂ ನಾಲ್ಕಾಗಿಲ್ಲ, ಉಷಾ, ಇನ್ನೂ ಐದು ನಿಮಿಷ ಇದೆ, ಎಲೆ ಅಂಗಾತ ಬಿದ್ದಿದೆ, ಏಳೇ, ಆಟೀನ್ ಏಳು, ಅದರ ಮೇಲೆ ನನ್ನ ಬೆರಳು, ಕೆಂಪಗೆ ಏಳು, ನನ್ನ ಬೆರಳು, ಏಳು